ಹೆಡ್‌ಸೆಟ್‌ನಲ್ಲಿ ಗುಂಯ್ ಸದ್ದು, ರೇಡಿಯೊದಲ್ಲಿ ಗೊರಗೊರ ದನಿ: ಎರಡು ಸೀಟಿನ ವಿಮಾನದ ಆಡಿಯೊ ಎಲ್ಲಿಂದ ಸರಿ ಮಾಡೋದು?

ಕೆರೊಲಿನಾ ಕನ್ನಡಿಗ
ಎಲ್ಲರಿಗೂ ನಮಸ್ಕಾರ. ನಾನಿರೋದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ. ಪಕ್ಕದ ಮನೆಯವರ ಜೊತೆ ಪಾಲು ಹಾಕಿ ಒಂದು ಜೆನಿತ್ ಸಿಎಚ್ 750 ತಗೊಂಡಿದ್ದೀನಿ. ಹಿಂದಿನ ಮಾಲೀಕರು ಕಿಟ್‌ನಿಂದ ತಾವೇ ಕಟ್ಟಿದ್ದು. ಎಂಜಿನ್ ರೋಟ್ಯಾಕ್ಸ್ 912. ವಿಮಾನ ಚೆನ್ನಾಗಿ ಹಾರುತ್ತೆ, ಆಡಿಯೊ ಮಾತ್ರ ತಲೆನೋವು.

ಎಂಜಿನ್ ಶುರುವಾದ ಕೂಡಲೇ ಕಿವಿ ಹತ್ತಿರ ಸೊಳ್ಳೆ ಬಂದ ಹಾಗೆ ಗುಂಯ್ ಅನ್ನುತ್ತೆ. ಥ್ರಾಟಲ್ ಏರಿಸಿದರೆ ಅದರ ಶ್ರುತಿಯೂ ಏರುತ್ತೆ. ನಮ್ಮ ಏರ್‌ಫೀಲ್ಡ್‌ನಲ್ಲಿ ಟವರ್ ಇಲ್ಲ, ಎಲ್ಲರೂ 122.8 ಫ್ರೀಕ್ವೆನ್ಸಿಯಲ್ಲಿ ತಾವೆಲ್ಲಿದ್ದೀವಿ ಅಂತ ತಾವೇ ಹೇಳ್ಕೊಂಡು ಇಳೀಬೇಕು. ನಾನು ಡೌನ್‌ವಿಂಡ್ (ಇಳಿಯೋ ಮೊದಲು ರನ್‌ವೇ ಪಕ್ಕ ಹಾರೋ ಹಂತ) ಅಂತ ಹೇಳಿದರೆ ಬೇರೆ ಪೈಲಟ್‌ಗಳಿಗೆ ಬರೀ ಗೊರಗೊರ ಕೇಳಿಸುತ್ತಂತೆ. ನಂಗೆ ನಿಜವಾಗಿ ಭಯ ಇರೋದು ಅದರದ್ದೇ. ಇನ್ನು ಬಲಗಡೆ ಸೀಟಿನವರಿಗೆ ಒಂದೇ ಕಿವಿಯಲ್ಲಿ ದನಿ ಬರುತ್ತೆ.

ಹ್ಯಾಂಗರ್‌ನಲ್ಲಿ ಒಬ್ಬರು, "ಒಳ್ಳೇ ಎಎನ್ಆರ್ (ಎಲೆಕ್ಟ್ರಾನಿಕ್ ಆಗಿ ಗದ್ದಲ ತಗ್ಗಿಸೋ) ಹೆಡ್‌ಸೆಟ್ ತಗೋ, ಎಲ್ಲ ಸರಿಹೋಗುತ್ತೆ" ಅಂತಾರೆ. ಅದಕ್ಕೆ ಸಾವಿರ ಡಾಲರ್ ಮೇಲಾಗುತ್ತೆ. ತಗೊಳ್ಳಲಾ?

ತಂತಿ ತಮ್ಮಯ್ಯ
ಬೇಡ. ಎಎನ್ಆರ್ ಹೊರಗಿನಿಂದ ಕಿವಿಗೆ ಬರೋ ಸದ್ದನ್ನ ತಗ್ಗಿಸುತ್ತೆ. ನಿಮಗೆ ಬರ್ತಿರೋದು ತಂತಿಯೊಳಗಿನಿಂದ. ಸುತ್ತಲಿನ ಗದ್ದಲ ಕಮ್ಮಿಯಾದರೆ ಆ ಗುಂಯ್ ಇನ್ನೂ ಸ್ಪಷ್ಟವಾಗಿ ಕೇಳಿಸುತ್ತೆ, ಅಷ್ಟೇ.

ಬಾನಾಡಿ ಸುಮಾ
ಒಂದೇ ಕಿವಿಯ ತೊಂದರೆಗೆ ಕಾಸು ಖರ್ಚಿಲ್ಲ. ಬಲಗಡೆಯ ಹೆಡ್‌ಸೆಟ್ ಸ್ಟೀರಿಯೊ ಇದ್ದು, ಪ್ಯಾನಲ್‌ನ ಜಾಕ್ ಮೋನೊ ಇರಬೇಕು. ಕಿವಿಬಟ್ಟಲಿನ ಮೇಲೆ ಅಥವಾ ವಾಲ್ಯೂಮ್ ಡಬ್ಬಿಯ ಪಕ್ಕದಲ್ಲಿ ಒಂದು ಪುಟ್ಟ ಸ್ವಿಚ್ ಇರುತ್ತೆ. ಅದನ್ನ ಮೋನೊಗೆ ತಳ್ಳಿ ನೋಡಿ.

ಕೆರೊಲಿನಾ ಕನ್ನಡಿಗ
ಸುಮಾ ಮೇಡಂ, ಈಗಷ್ಟೇ ಹ್ಯಾಂಗರ್‌ಗೆ ಹೋಗಿ ನೋಡಿದೆ. ಸ್ವಿಚ್ ಬ್ಯಾಟರಿ ಮುಚ್ಚಳದ ಕೆಳಗೆ ಅಡಗಿತ್ತು. ಎರಡೂ ಕಿವಿಗೆ ದನಿ ಬಂತು! ತುಂಬಾ ಥ್ಯಾಂಕ್ಸ್.

ಹುಬ್ಬಳ್ಳಿ ಹಾರಾಟ
ಅಣ್ಣಾರ, ಗುಂಯ್ ಸದ್ದು ಎಂಜಿನ್ ಜೋಡಿ ಏರತೈತಿ ಅಂದ್ರ ಅದು ಜನರೇಟರಿಂದ. ರೋಟ್ಯಾಕ್ಸ್ 912ರಾಗ ರೆಗ್ಯುಲೇಟರ್ ಹತ್ರ 22,000 ಮೈಕ್ರೊಫ್ಯಾರಡ್‌ದು ಒಂದು ದೊಡ್ಡ ಕೆಪ್ಯಾಸಿಟರ್ ಇರಬೇಕು ಅಂತ ಕಂಪನಿ ಕೈಪಿಡಿನೇ ಹೇಳತೈತಿ. ಮೊದಲ ಅದು ಐತೋ ಇಲ್ಲೋ ನೋಡ್ರಿ. ಐತಿ ಅಂದ್ರೂ ಹಳೇದಾಗಿ ಸತ್ತಿರಬಹುದು. ಹೊಸದು ಹಾಕ್ರಿ, ರೇಡಿಯೊಕ್ಕ ಹೋಗೋ ಪವರ್ ತಂತಿಗೂ ಒಂದು ಫಿಲ್ಟರ್ ಕೂಡಿಸ್ರಿ. ಕೆಲಸ ಮುಗೀತು.

ನಿವೃತ್ತ ಎಎಂಇ, ವಿಮಾನಪುರ
ಹುಬ್ಬಳ್ಳಿಯವರು ಕೆಪ್ಯಾಸಿಟರ್ ಬಗ್ಗೆ ಹೇಳಿದ್ದು ಸರಿ. ಆದರೆ ಸದ್ದು ಎಲ್ಲಿಂದ ಬರುತ್ತಿದೆ ಎಂದು ತಿಳಿಯುವ ಮೊದಲೇ ಫಿಲ್ಟರ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ಫಿಲ್ಟರ್ ದೋಷವನ್ನು ಮುಚ್ಚಿಡುತ್ತದೆ, ದೋಷ ಒಳಗೇ ಬೆಳೆಯುತ್ತದೆ.

ಹೀಗೆ ಮಾಡಿ. ಎಂಜಿನ್ ಬಂದ್, ಮಾಸ್ಟರ್ ಸ್ವಿಚ್ ಆನ್, ರೇಡಿಯೊ ಆನ್. ಬ್ಯಾಟರಿಯ ಮೇಲೆ ಮಾತ್ರ ಕೇಳಿ. ಸದ್ದು ಇಲ್ಲದಿದ್ದರೆ ರೇಡಿಯೊ ಸರಿಯಿದೆ. ಆಮೇಲೆ ಲೈಟು, ಸ್ಟ್ರೋಬ್ (ಮಿನುಗುವ ದೀಪ), ಇಂಧನ ಪಂಪ್, ಯುಎಸ್‌ಬಿ ಚಾರ್ಜರ್ ಒಂದೊಂದನ್ನೇ ಹಾಕಿ ತೆಗೆದು ಕೇಳಿ. ಸ್ಟ್ರೋಬ್ ಆದರೆ ಟಕ್ ಟಕ್ ಎನ್ನುತ್ತದೆ. ಪಂಪ್‌ನದ್ದು ಥ್ರಾಟಲ್ ಮುಟ್ಟಿದರೂ ಬದಲಾಗದು. ಕೊನೆಗೆ ಚಕ್ರಕ್ಕೆ ಅಡ್ಡಗಟ್ಟೆ ಇಟ್ಟು, ಬ್ರೇಕ್ ಹಿಡಿದು, ಪ್ರೊಪೆಲರ್ ಹತ್ತಿರ ಯಾರೂ ಇಲ್ಲದಂತೆ ನೋಡಿಕೊಂಡು ಎಂಜಿನ್ ಶುರು ಮಾಡಿ. ಜನರೇಟರ್ ಸ್ವಿಚ್ ಇದ್ದರೆ ಕ್ಷಣಕಾಲ ತೆಗೆಯಿರಿ. ಗುಂಯ್ ನಿಂತರೆ ಚಾರ್ಜಿಂಗ್ ಸರ್ಕ್ಯೂಟ್ ಕಡೆಯಿಂದ ಬರುತ್ತಿದೆ ಎಂದು ಖಾತ್ರಿ. ಆದರೆ ಅದು ಪವರ್ ತಂತಿಯಿಂದ ಬರುತ್ತಿದೆಯೋ ಗ್ರೌಂಡ್‌ನಿಂದ, ಅಂದರೆ ಕರೆಂಟು ಬ್ಯಾಟರಿಗೆ ವಾಪಸಾಗುವ ದಾರಿಯಿಂದ, ಬರುತ್ತಿದೆಯೋ ಎನ್ನುವುದು ಇನ್ನೂ ಗೊತ್ತಾಗಿಲ್ಲ. ನಿಮ್ಮ ವಿಮಾನ ಪೂರ್ತಿ ಅಲ್ಯೂಮಿನಿಯಂ. ನನ್ನ ಅನುಮಾನ ಗ್ರೌಂಡ್ ಮೇಲೆ.

ಹುಬ್ಬಳ್ಳಿ ಹಾರಾಟ
ಸರ, ಫಿಲ್ಟರ್ ಹಾಕಿ ಎಷ್ಟೋ ಮಂದಿ ಆರಾಮ ಹಾರಾಕತ್ತಾರಲ್ಲ? ಎಲ್ಲಾರೂ ತಪ್ಪೇನು?

ನಿವೃತ್ತ ಎಎಂಇ, ವಿಮಾನಪುರ
ತಪ್ಪಲ್ಲ. ಪವರ್ ತಂತಿಯಲ್ಲೇ ಸದ್ದಿದ್ದರೆ ಫಿಲ್ಟರ್ ಸರಿಯಾದ ಮದ್ದು. ಗ್ರೌಂಡ್ ಲೂಪ್‌ಗೆ, ಅಂದರೆ ಗ್ರೌಂಡ್‌ಗೆ ಎರಡು ದಾರಿ ಆಗಿ ಬರುವ ಸದ್ದಿಗೆ, ಅದು ಏನೂ ಮಾಡದು.

ತಂತಿ ತಮ್ಮಯ್ಯ
ಜಾಕ್ ಬಿಚ್ಚಿ ನೋಡಿ ಕನ್ನಡಿಗರೇ. ನಂಗೆ ಗೊತ್ತಿರೋ ಹಾಗೆ ಕಿಟ್ ವಿಮಾನಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣೋ ದೋಷ ಇದು.

ಹೆಡ್‌ಸೆಟ್‌ಗೆ ಎರಡು ಪ್ಲಗ್ ಇರುತ್ತವೆ. ದಪ್ಪದ್ದು ಕಿವಿಗೆ, ಕಾಲು ಅಂಗುಲದ್ದು, ಪಿಜೆ-055. ಸ್ವಲ್ಪ ಸಣ್ಣದು ಮೈಕ್‌ಗೆ, ಪಿಜೆ-068. ಮೈಕ್ ಪ್ಲಗ್‌ನ ತುದಿ ಪಿಟಿಟಿ (ರೇಡಿಯೊದಲ್ಲಿ ಮಾತಾಡೋಕೆ ಒತ್ತೋ ಗುಂಡಿ), ನಡುವಿನ ಉಂಗುರ ಮೈಕ್ ದನಿ, ಬುಡ ಗ್ರೌಂಡ್. ಪಿಟಿಟಿ ಒತ್ತಿದರೆ ತುದಿ ಗ್ರೌಂಡ್‌ಗೆ ಸೇರುತ್ತೆ, ರೇಡಿಯೊ ಪ್ರಸಾರಕ್ಕೆ ತಿರುಗುತ್ತೆ.

ಈಗ ಕೇಳಿ. ಜಾಕ್‌ನ ಬುಡದಿಂದ ಒಂದು ಗ್ರೌಂಡ್ ತಂತಿ ನೇರ ಇಂಟರ್‌ಕಾಮ್‌ಗೆ (ಒಳಗೆ ಕೂತವರು ತಮ್ಮಲ್ಲೇ ಮಾತಾಡೋ ಸಾಧನ) ಹೋಗಿರುತ್ತೆ. ಜಾಕ್‌ನ ಕುತ್ತಿಗೆ ಅಲ್ಯೂಮಿನಿಯಂ ಪ್ಯಾನಲ್‌ಗೂ ತಾಗಿದ್ದರೆ ಗ್ರೌಂಡ್‌ಗೆ ಎರಡು ದಾರಿ ಆಯ್ತು. ಜನರೇಟರ್‌ನ ಕರೆಂಟು ವಿಮಾನದ ಮೈಯಲ್ಲೇ ಬ್ಯಾಟರಿಗೆ ವಾಪಸ್ ಹರಿಯುತ್ತೆ, ಹಾಗಾಗಿ ಪ್ಯಾನಲ್‌ಗೂ ಇಂಟರ್‌ಕಾಮ್‌ನ ಗ್ರೌಂಡ್‌ಗೂ ನಡುವೆ ಚೂರು ವೋಲ್ಟೇಜ್ ವ್ಯತ್ಯಾಸ ಬರುತ್ತೆ. ಮೈಕ್‌ನ ದನಿ ಮಿಲಿವೋಲ್ಟ್ ಲೆಕ್ಕದ್ದು. ಆ ಚೂರೇ ಅದಕ್ಕೆ ಸಾಕು.

ಮದ್ದು: ಜಾಕ್‌ಗೆ ಫೈಬರ್ ವಾಷರ್. ಭುಜ ಇರೋದು ಒಂದು, ಚಪ್ಪಟೆಯದು ಒಂದು. ಭುಜದ ವಾಷರ್ ತೂತಿನೊಳಗೆ ಕೂರಬೇಕು, ಆಗ ಮಾತ್ರ ಕುತ್ತಿಗೆ ಲೋಹಕ್ಕೆ ತಾಗಲ್ಲ. ಬರೀ ಚಪ್ಪಟೆ ವಾಷರ್ ಎರಡು ಕಡೆ ಹಾಕಿ ಬಿಗಿದವರೂ ಇದ್ದಾರೆ. ಕುತ್ತಿಗೆ ತೂತಿನ ಅಂಚಿಗೆ ತಾಗ್ತಾನೇ ಇರುತ್ತೆ, ನೋಡೋಕೆ ಮಾತ್ರ ಎಲ್ಲ ಸರಿ ಕಾಣುತ್ತೆ.

ಪರೀಕ್ಷೆ ಸುಲಭ: ಜಾಕ್‌ನ ನಟ್ ಬಿಚ್ಚಿ, ಜಾಕ್ ಹಿಂದಕ್ಕೆ ತಳ್ಳಿ, ಇನ್ಸುಲೇಶನ್ ಟೇಪ್ ಸುತ್ತಿ ನೇತಾಡಲು ಬಿಡಿ. ಎಂಜಿನ್ ಹಾಕಿ ಕೇಳಿ.

ಮ್ಯೂನಿಕ್ ಮಂಜು
ಇದಕ್ಕೆ ಒಂದು ಸೇರಿಸ್ತೀನಿ. ಮೈಕ್ ತಂತಿಯ ಮೇಲಿನ ಜಾಲರಿ ಕವಚಾನ ಇಂಟರ್‌ಕಾಮ್ ಕಡೆ ಮಾತ್ರ ಗ್ರೌಂಡ್ ಮಾಡಬೇಕು. ಜಾಕ್ ಕಡೆ ಕತ್ತರಿಸಿ ಸ್ಲೀವ್ ಹಾಕಿ ಬಿಡಿ. ರೋಟ್ಯಾಕ್ಸ್‌ನಲ್ಲಿ ಜನರೇಟರ್‌ನಿಂದ ರೆಗ್ಯುಲೇಟರ್‌ಗೆ ಹೋಗೋ ಎರಡು ಹಳದಿ ತಂತಿ ಇವೆಯಲ್ಲ, ಅವುಗಳ ಜೊತೆ ಮೈಕ್ ತಂತೀನ ಒಂದೇ ಕಂತೆಯಲ್ಲಿ ಕಟ್ಟಿದ್ದರೆ ಮೊದಲು ಬೇರೆ ಮಾಡಿ. ಆ ಹಳದಿ ತಂತಿಗಳಲ್ಲಿ ಹರಿಯೋದು ಎಸಿ.

ಜಕ್ಕೂರು ವಿದ್ಯಾರ್ಥಿನಿ
ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಾನು ಸೆಸ್ನಾ 172ರಲ್ಲಿ ಕಲೀತಿದ್ದೀನಿ. ನನ್ನ ದನಿ ಇಂಟರ್‌ಕಾಮ್‌ನಲ್ಲಿ ಕತ್ತರಿಸಿ ಕತ್ತರಿಸಿ ಹೋಗುತ್ತೆ ಅಂತ ಇನ್‌ಸ್ಟ್ರಕ್ಟರ್ ಸರ್ ಹೇಳ್ತಾರೆ. ಅದೇ ಸೀಟಿನಲ್ಲಿ ಬೇರೆಯವರ ಹೆಡ್‌ಸೆಟ್ ಹಾಕಿದ್ರೆ ಸರಿಹೋಗುತ್ತೆ. ನಂದು ಹೊಸದು. ಹಾಳಾಗಿದೆಯಾ?

ಬಾನಾಡಿ ಸುಮಾ
ಹಾಳಾಗಿರಲ್ಲ ಕಣಮ್ಮ. ಮೈಕ್‌ನ ಒಂದು ಬದಿಯಲ್ಲಿ ಚುಕ್ಕೆ ಅಥವಾ ಬಾಣದ ಗುರುತು ಇರುತ್ತೆ, ಆ ಬದಿ ತುಟಿ ಕಡೆ ಇರಬೇಕು. ಈ ಮೈಕ್‌ಗಳು ಎರಡೂ ಬದಿಯಿಂದ ಒಂದೇ ಸಮ ಬರೋ ಸದ್ದನ್ನ ಕಳೆದುಹಾಕ್ತವೆ, ಹತ್ತಿರದಿಂದ ಒಂದೇ ಬದಿಗೆ ಬೀಳೋದನ್ನ ಮಾತ್ರ ಉಳಿಸ್ಕೋತವೆ. ತಿರುಗಿದ್ರೆ ನಿನ್ನ ಮಾತು ತೆಳ್ಳಗಾಗುತ್ತೆ. ದೂರ ಇದ್ರೂ ಅಷ್ಟೇ. ತುಟಿಗೆ ತಾಗಿಯೂ ತಾಗದ ಹಾಗೆ, ಅರ್ಧ ಸೆಂಟಿಮೀಟರ್ ಒಳಗೆ ಇಟ್ಕೋ.

ಮಾತಿಲ್ಲದಾಗ ಗದ್ದಲ ಮುಚ್ಚಿಡೋ ಸ್ಕ್ವೆಲ್ಚ್ ಗುಂಡೀನೂ ನೋಡು. ಎಂಜಿನ್ ಓಡ್ತಿರೋವಾಗ ಯಾರೂ ಮಾತಾಡದೆ ಇದ್ದರೆ ಗದ್ದಲ ಆಗಷ್ಟೇ ನಿಲ್ಲಬೇಕು, ಅಲ್ಲಿಗೆ ಬಿಡು. ಜಾಸ್ತಿ ತಿರುಗಿಸಿದ್ರೆ ಪ್ರತಿ ಮಾತಿನ ಮೊದಲ ಅಕ್ಷರ ನುಂಗುತ್ತೆ.

ದೊಡ್ಡ ಓಲೆ ಅಥವಾ ದಪ್ಪ ಕಡ್ಡಿಯ ಕನ್ನಡಕ ಹಾಕ್ತೀಯಾ? ಕಿವಿಬಟ್ಟಲಿನ ದಿಂಬು ಚರ್ಮಕ್ಕೆ ಪೂರ್ತಿ ಒತ್ತದೆ ಸಂದು ಬಿಟ್ಟರೆ ಗದ್ದಲ ಅಲ್ಲಿಂದಲೇ ನುಗ್ಗುತ್ತೆ.

ಜಕ್ಕೂರು ವಿದ್ಯಾರ್ಥಿನಿ
ಮೈಕ್ ತಿರುಗೇ ಇತ್ತು ಮೇಡಂ! ಅಂಗಡಿಯಿಂದ ಬಂದಾಗ ಮೈಕ್‌ನ ಕಡ್ಡಿ ಬಲಗಡೆ ಇತ್ತು, ಎಡಕ್ಕೆ ಮಾಡಿಕೊಂಡಾಗ ಮೈಕ್ ಮೊಗಚಿಕೊಂಡಿದೆ. ಜುಮುಕಿ ನಾಳೆಯಿಂದ ಮನೇಲೇ ಬಿಡ್ತೀನಿ.

ರನ್‌ವೇ ರಾಯ
ಆದರೆ ಎಎನ್ಆರ್ ಬೇಡವೇ ಬೇಡ ಅನ್ನೋದನ್ನ ನಾನು ಒಪ್ಪಲ್ಲ. ಸಣ್ಣ ವಿಮಾನದ ಗದ್ದಲದಲ್ಲಿ ಹೆಚ್ಚು ಭಾಗ ಎಂಜಿನ್, ಪ್ರೊಪೆಲರ್‌ನ ತಗ್ಗು ಶ್ರುತಿಯದ್ದು. ದಪ್ಪ ದಿಂಬಿನ ಹೆಡ್‌ಸೆಟ್‌ಗಳು ಮೇಲಿನ ಶ್ರುತೀನ ಚೆನ್ನಾಗಿ ತಡೀತವೆ, ತಗ್ಗಿನದ್ದನ್ನ ಅಷ್ಟಾಗಿ ತಡೆಯಲ್ಲ. ಅಲ್ಲೇ ಎಎನ್ಆರ್ ಕೆಲಸಕ್ಕೆ ಬರೋದು. ಬೋಸ್ ಕಂಪನಿ ಕಟ್ಟಿದ ಅಮರ್ ಬೋಸ್ ಅವರಿಗೆ ಈ ಯೋಚನೆ ಬಂದಿದ್ದೂ ವಿಮಾನದಲ್ಲೇ, 1978ರಲ್ಲಿ ಯೂರೋಪಿನಿಂದ ಬಾಸ್ಟನ್‌ಗೆ ವಾಪಸಾಗೋವಾಗ. ಅದು ಪೈಲಟ್‌ಗಳು ಕೊಳ್ಳೋ ಹೆಡ್‌ಸೆಟ್ ಆಗಿ ಬಂದಿದ್ದು 1989ರಲ್ಲಿ. ನಾಲ್ಕು ಗಂಟೆ ಹಾರಿ ಇಳಿದಾಗ ತಲೆ ಹಗುರ ಇದ್ದರೆ ಲ್ಯಾಂಡಿಂಗೂ ಚೆನ್ನಾಗಿರುತ್ತೆ.

ತಂತಿ ತಮ್ಮಯ್ಯ
ರಾಯರೇ, ಎಎನ್ಆರ್ ಕೆಟ್ಟದ್ದು ಅಂತ ನಾನೆಲ್ಲಿ ಅಂದೆ? ವೈರಿಂಗ್ ರೋಗಕ್ಕೆ ಅದು ಮದ್ದಲ್ಲ ಅಂದೆ.

ಕೊಡಗಿನ ಕ್ಯಾಪ್ಟನ್
ನಾನು ಇವತ್ತಿಗೂ ಹಳೇ ಹಸಿರು ಡೇವಿಡ್ ಕ್ಲಾರ್ಕ್ ಎಚ್10-13.4 ಹಾಕೋದು. 23 ಡೆಸಿಬೆಲ್ ತಗ್ಗಿಸುತ್ತೆ, ಬ್ಯಾಟರಿ ಮುಗಿಯೋ ಚಿಂತೆ ಇಲ್ಲ. ದಿಂಬು ಹರಿದರೆ ಹೊಸ ದಿಂಬು ಸಿಗುತ್ತೆ. ಗದ್ದಲ ಜಾಸ್ತಿ ಅನ್ನಿಸಿದರೆ ಒಳಗೆ ಸ್ಪಂಜಿನ ಕಿವಿಬಿರಡೆ ಹಾಕ್ಕೊಂಡು ವಾಲ್ಯೂಮ್ ಏರಿಸ್ಕೋತೀನಿ. ಎಎನ್ಆರ್ ಹಾಕಿದವರಿಗೆ ಎಂಜಿನ್ ಸದ್ದಿನ ಬದಲಾವಣೆ ತಿಳಿಯಲ್ಲ ಅನ್ನೋ ಆತಂಕ ನಂಗಿದೆ. ಶ್ರವ್ಯ ಎಚ್ಚರಿಕೆಗಳು ಕೇಳಿಸದೆ ಹೋಗಬಹುದು ಅಂತ 2007ರಲ್ಲಿ ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎ ಕೂಡ ಪೈಲಟ್‌ಗಳಿಗೆ ಎಚ್ಚರ ಹೇಳಿತ್ತು.

ರನ್‌ವೇ ರಾಯ
ಕ್ಯಾಪ್ಟನ್ ಸಾರ್, ಆ ಮಾತಿಗೆ ಗೌರವ ಇದೆ. ಅದಕ್ಕೆ ಉಪಾಯ: ಹೊಸ ಎಎನ್ಆರ್ ಹಾಕಿದ ದಿನ ಇನ್‌ಸ್ಟ್ರಕ್ಟರ್ ಜೊತೆ ಮೇಲೆ ಹೋಗಿ ಸ್ಟಾಲ್ (ರೆಕ್ಕೆ ಎತ್ತೋ ಬಲ ಕಳ್ಕೊಳ್ಳೋದು) ಮಾಡಿ, ಅದರ ಎಚ್ಚರಿಕೆ ಹಾರ್ನ್ ಕೇಳುತ್ತಾ ಅಂತ ನೋಡೋದು. ಸೆಸ್ನಾ 172ರ ಸ್ಟಾಲ್ ಹಾರ್ನ್ ರೆಕ್ಕೆಯಲ್ಲಿ ಗಾಳಿಯಿಂದಲೇ ಊದೋ ಪೀಪಿ. ಅದರ ಶ್ರುತಿ ಮೇಲಿನದ್ದು, ನಂಗಂತೂ ಸ್ಪಷ್ಟವಾಗಿ ಕೇಳಿದೆ.

ಮ್ಯೂನಿಕ್ ಮಂಜು
ಗೊರಗೊರ ದನಿ ಕಡೆ ವಾಪಸ್ ಬರೋಣ, ಮುಖ್ಯವಾದದ್ದು ಅದೇ. ಕನ್ನಡಿಗರೇ, ಎಂಜಿನ್ ಬಂದ್ ಮಾಡಿ ಪ್ರಸಾರ ಮಾಡಿದಾಗಲೂ ಹಾಗೇ ಕೇಳುತ್ತಾ? ಸ್ನೇಹಿತರೊಬ್ಬರ ಕೈಗೆ ಹ್ಯಾಂಡ್‌ಹೆಲ್ಡ್ ರೇಡಿಯೊ ಕೊಟ್ಟು ದೂರ ನಿಲ್ಲಿಸಿ, ಯಾರಿಗೂ ತೊಂದರೆ ಆಗದ ಹಾಗೆ ಚುಟುಕಾಗಿ ರೇಡಿಯೊ ಚೆಕ್ ಮಾಡಿ.

ಕೆರೊಲಿನಾ ಕನ್ನಡಿಗ
ಮಾಡಿದೆ. ಎಂಜಿನ್ ಬಂದ್ ಇದ್ದರೂ ಗೊರಗೊರ. ಪಿಟಿಟಿ ಒತ್ತಿದ ಕೂಡಲೇ ನನ್ನದೇ ದನಿ ನನ್ನ ಕಿವಿಗೂ ಒಡೆದೊಡೆದು ಬರುತ್ತೆ. ಇಂಟರ್‌ಕಾಮ್‌ನಲ್ಲಿ ಮಾತಾಡಿದರೆ ಮಾತ್ರ ಶುದ್ಧ.

ಮ್ಯೂನಿಕ್ ಮಂಜು
ಹಾಗಾದರೆ ಮೈಕ್ ಚೆನ್ನಾಗಿದೆ. ಆಂಟೆನಾದಿಂದ ಹೊರಗೆ ಹೋಗಬೇಕಾದ ಶಕ್ತಿ ವಾಪಸ್ ಕಾಕ್‌ಪಿಟ್‌ಗೆ ಬಂದು ಮೈಕ್ ತಂತಿಗೆ ನುಗ್ತಿದೆ. ಆಂಟೆನಾ ಕೇಬಲ್ ತೆಗೆದು ಅಲ್ಲಿಗೆ 50 ಓಮ್‌ನ ಡಮ್ಮಿ ಲೋಡ್ (ಆಂಟೆನಾ ಬದಲು ಶಕ್ತಿ ಹೀರೋ ಸಾಧನ) ಹಾಕಿ ಮಾತಾಡಿ. ಕಿವಿಗೆ ಬರೋ ದನಿ ಆಗ ಶುದ್ಧವಾದರೆ ದೋಷ ಆಂಟೆನಾ ಅಥವಾ ಕೇಬಲ್‌ದು. ಡಮ್ಮಿ ಲೋಡ್ ಇಲ್ಲದೆ ಬರಿದೇ ಪ್ರಸಾರ ಒತ್ತಬೇಡಿ, ರೇಡಿಯೊದ ಔಟ್‌ಪುಟ್ ಸುಟ್ಟೀತು.

ಆಂಟೆನಾದ ಬುಡ ಹೇಗೆ ಕೂತಿದೆ ನೋಡಿ. ನಮ್ಮ ಬ್ಯಾಂಡ್ 118ರಿಂದ 137 ಮೆಗಾಹರ್ಟ್ಜ್ ಒಳಗಿನದ್ದು, ಕಾಲು ಅಲೆ ಅಂದರೆ ಸುಮಾರು 60 ಸೆಂಟಿಮೀಟರ್ ಕಡ್ಡಿ. ಆ ಕಡ್ಡಿ ಅರ್ಧ ಮಾತ್ರ. ಉಳಿದರ್ಧ ಅದರ ಕೆಳಗಿನ ಲೋಹದ ಹಾಳೆ. ನನ್ನದು ಬಟ್ಟೆ ಹೊದಿಸಿದ ವಿಮಾನ, ಹಾಗಾಗಿ ಒಳಗಡೆ ನಾಲ್ಕು ದಿಕ್ಕಿಗೆ ತಾಮ್ರದ ಪಟ್ಟಿ ಹಾಕಬೇಕಾಯ್ತು. ನಿಮ್ಮದು ಲೋಹದ್ದು, ಆದರೆ ಬುಡದ ಕೆಳಗೆ ಬಣ್ಣ ಬಳಿದಿದ್ದರೆ ಲೋಹ ಇದ್ದೂ ಇಲ್ಲದ ಹಾಗೇ.

ರನ್‌ವೇ ರಾಯ
ಒಂದು ಪ್ರಶ್ನೆ. ವಿಮಾನದ ರೇಡಿಯೊದಲ್ಲಿ ಇಷ್ಟೆಲ್ಲ ಗದ್ದಲ ಹಿಡಿಯೋ ಎಎಂ ಯಾಕಿನ್ನೂ ಬಳಸ್ತಾರೆ? ಎಫ್‌ಎಂ ಇಷ್ಟು ಶುದ್ಧ ಇರೋವಾಗ?

ನಿವೃತ್ತ ಎಎಂಇ, ವಿಮಾನಪುರ
ಎಫ್‌ಎಂನಲ್ಲಿ ಇಬ್ಬರು ಒಟ್ಟಿಗೆ ಮಾತನಾಡಿದರೆ ಬಲವಾದದ್ದು ಮಾತ್ರ ಕೇಳುತ್ತದೆ, ಇನ್ನೊಬ್ಬರು ಇದ್ದರೆಂಬುದೇ ಗೊತ್ತಾಗುವುದಿಲ್ಲ. ಎಎಂನಲ್ಲಿ ಕೀಚಲು ಸದ್ದು ಬರುತ್ತದೆ, ಯಾರೋ ಅಡ್ಡ ಬಂದರೆಂದು ತಿಳಿಯುತ್ತದೆ. ಕ್ಷೀಣವಾದ ಕರೆಯೂ ಎಷ್ಟೋ ಸಲ ಹಿನ್ನೆಲೆಯಲ್ಲಿ ಕೇಳಿಸುತ್ತದೆ.

ಆದರೆ ಆ ಕೀಚಲು ಮಾತನ್ನು ನುಂಗಿದ ದಿನವೂ ಇದೆ. 1977ರ ಮಾರ್ಚ್ 27, ಸ್ಪೇನ್‌ನ ಟೆನೆರೀಫ್ ದ್ವೀಪ. ಮಂಜಿನಲ್ಲಿ ಕೆಎಲ್ಎಂನ 747 ಓಟ ಶುರು ಮಾಡಿತ್ತು. ಕಾಯಿರಿ, ನಾನೇ ಕರೆಯುತ್ತೇನೆ ಎಂದು ಟವರ್ ಹೇಳಿದ್ದೂ, ನಾವಿನ್ನೂ ರನ್‌ವೇ ಮೇಲೇ ಇದ್ದೇವೆ ಎಂದು ಪ್ಯಾನ್ ಆ್ಯಮ್ ಹೇಳಿದ್ದೂ ಒಂದರ ಮೇಲೊಂದು ಬಿದ್ದವು. ಕೆಎಲ್ಎಂ ಕಾಕ್‌ಪಿಟ್‌ನಲ್ಲಿ ಕೇಳಿಸಿದ್ದು ಕೀಚಲು. ಎರಡೂ ವಿಮಾನ ಡಿಕ್ಕಿಯಾಗಿ 583 ಜನ ಸತ್ತರು. ಕಾರಣಗಳು ಹಲವಿದ್ದವು, ಅದರಲ್ಲಿ ಇದೂ ಒಂದು. ಅದಕ್ಕೇ ಪಿಟಿಟಿ ಒತ್ತುವ ಮೊದಲು ಕೇಳಿಸಿಕೊಳ್ಳಿ ಎಂದು ಹುಡುಗರಿಗೆ ಪದೇ ಪದೇ ಹೇಳುತ್ತೇನೆ. ಪಿಟಿಟಿ ಸಿಕ್ಕಿಕೊಂಡರೆ ಇಡೀ ಫ್ರೀಕ್ವೆನ್ಸಿಯೇ ಎಲ್ಲರಿಗೂ ಬಂದ್. ರೇಡಿಯೊದಲ್ಲಿ ಪ್ರಸಾರದ ಗುರುತು ಆರದೆ ಉರಿಯುತ್ತಿದ್ದರೆ ತಕ್ಷಣ ಮೈಕ್ ಪ್ಲಗ್ ಎಳೆಯಿರಿ.

ಹುಬ್ಬಳ್ಳಿ ಹಾರಾಟ
ಓದಿ ಮೈ ಝುಂ ಅಂತು ಸರ.

ಮೈಸೂರು ಮೋಡ
ಇಲ್ಲಿ ಭಾರತದವರೂ ಓದ್ತಾ ಇರ್ತಾರೆ, ಒಂದು ಮಾತು. ಕನ್ನಡಿಗರದ್ದು ಅಮೆರಿಕದಲ್ಲಿ ಎಕ್ಸ್‌ಪೆರಿಮೆಂಟಲ್ ವರ್ಗದ ವಿಮಾನ, ಅವರೇ ಸ್ಕ್ರೂಡ್ರೈವರ್ ಹಿಡೀಬಹುದು. ನಮ್ಮಲ್ಲಿ ಫ್ಲೈಯಿಂಗ್ ಸ್ಕೂಲ್‌ನ ಸೆಸ್ನಾದ ಜಾಕ್ ಸಡಿಲ ಇದೆ ಅಂತ ವಿದ್ಯಾರ್ಥಿಗಳು ತಾವೇ ಬಿಚ್ಚೋಕೆ ಹೋಗಬೇಡಿ. ದೋಷ ಬರೆದು ಕೊಡಿ, ಲೈಸೆನ್ಸ್ ಇರೋ ಎಎಂಇ (ವಿಮಾನ ನಿರ್ವಹಣಾ ಎಂಜಿನಿಯರ್) ನೋಡಿ ಸಹಿ ಹಾಕಬೇಕು.

ತಂತಿ ತಮ್ಮಯ್ಯ
ಒಪ್ಪಿದೆ. ಆದರೆ ಬರೆದು ಕೊಟ್ಟ ಮೇಲೂ ವಾರಗಟ್ಟಲೆ ಹಾಗೇ ಬಿಡೋ ಕಡೆಗಳಿವೆ. ಆಡಿಯೊ ಅಂದ್ರೆ ಸೌಕರ್ಯದ ವಿಷಯ ಅಂದ್ಕೊಂಡಿರ್ತಾರೆ. ಹೊಸ ಹುಡುಗರಿಗೆ ಟವರ್ ಕೊಟ್ಟ ಕ್ಲಿಯರೆನ್ಸ್ (ಅನುಮತಿ) ಸರಿಯಾಗಿ ಕೇಳದೆ, ಅದನ್ನ ತಿರುಗಿ ಹೇಳೋ ರೀಡ್‌ಬ್ಯಾಕ್ ತಪ್ಪಾದರೆ ಬೈಸಿಕೊಳ್ಳೋರು ಅವರೇ. ಅದು ನ್ಯಾಯ ಅಲ್ಲ. ಮತ್ತೆ ಮತ್ತೆ ಬರೆದು ಕೊಡಿ, ಬಿಡಬೇಡಿ.

ಜಕ್ಕೂರು ವಿದ್ಯಾರ್ಥಿನಿ
ಇದು ನಿಜ ಸರ್. ಅಂದ ಹಾಗೆ ಆರ್‌ಟಿಆರ್ (ವಿಮಾನದ ರೇಡಿಯೊ ಬಳಸೋ ಪರವಾನಗಿ) ಪರೀಕ್ಷೆ ಈಗ ಯಾರು ನಡೆಸೋದು? ಸೀನಿಯರ್‌ಗಳು ಟೆಲಿಕಾಂ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಅಂತಾರೆ.

ಮೈಸೂರು ಮೋಡ
ಹಿಂದೆ ಹಾಗಿತ್ತು. 2025ರ ಜನವರಿ 1ರಿಂದ ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮದಲ್ಲಿ ಆ ಅಧಿಕಾರ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಕೈಗೆ ಬಂದಿದೆ. ಡಿಜಿಸಿಎ ಜಾಲತಾಣದ ಸುತ್ತೋಲೆ ನೋಡ್ತಾ ಇರಿ.

ಕೆರೊಲಿನಾ ಕನ್ನಡಿಗ
ವರದಿ ಒಪ್ಪಿಸ್ತಿದ್ದೀನಿ. ವಾರಾಂತ್ಯ ಪೂರ್ತಿ ಹ್ಯಾಂಗರ್‌ನಲ್ಲೇ ಕಳೆದೆವು.

ಮೊದಲು ಜಾಕ್. ತಮ್ಮಯ್ಯನವರು ಹೇಳಿದ ಹಾಗೇ ಇತ್ತು. ಎರಡು ಚಪ್ಪಟೆ ವಾಷರ್, ನಡುವೆ ಜಾಕ್‌ನ ಕುತ್ತಿಗೆ ಪ್ಯಾನಲ್‌ನ ತೂತಿಗೆ ಒರಗಿಕೊಂಡಿತ್ತು. ತಾಗಿದ ಜಾಗದಲ್ಲಿ ಅಲ್ಯೂಮಿನಿಯಂ ಉಗುರಿನಷ್ಟು ಹೊಳೀತಿತ್ತು. ಟೇಪ್ ಸುತ್ತಿ ನೇತು ಬಿಟ್ಟು ಎಂಜಿನ್ ಹಾಕಿದರೆ ಗುಂಯ್ ಮುಕ್ಕಾಲು ಪಾಲು ಮಾಯ. ಭುಜದ ವಾಷರ್ ಹಾಕಿ ನಾಲ್ಕೂ ಜಾಕ್ ಮತ್ತೆ ಕೂರಿಸಿದೆವು. ಮೀಟರ್ ಹಿಡಿದು ಜಾಕ್‌ಗೂ ಪ್ಯಾನಲ್‌ಗೂ ನೇರ ಸಂಪರ್ಕ ಇಲ್ಲ ಅಂತ ಖಾತ್ರಿ ಮಾಡ್ಕೊಂಡೆವು. ಅದಕ್ಕೆ ಇಂಟರ್‌ಕಾಮ್ ಕಡೆಯ ಕನೆಕ್ಟರ್ ಬಿಚ್ಚಿ ಅಳೀಬೇಕು, ಇಲ್ಲದಿದ್ದರೆ ಗ್ರೌಂಡ್ ತಂತಿ ಮೂಲಕ ಸಂಪರ್ಕ ತೋರಿಸುತ್ತೆ.

ಉಳಿದ ಕಾಲು ಪಾಲು ಸಿಗರೇಟ್ ಲೈಟರ್ ಸಾಕೆಟ್‌ನ ಯುಎಸ್‌ಬಿ ಚಾರ್ಜರ್ ಮತ್ತು ಕೆಪ್ಯಾಸಿಟರ್ ಸೇರಿ. ಚಾರ್ಜರ್ ಕಿತ್ತರೆ ಸ್ಕ್ವೆಲ್ಚ್ ತಾನಾಗಿ ತೆರೆದುಕೊಳ್ಳೋದೂ ನಿಂತಿತು. ಕೆಪ್ಯಾಸಿಟರ್ ಉಬ್ಬಿತ್ತು, ಬದಲಾಯಿಸಿದೆ. ಹುಬ್ಬಳ್ಳಿಯವರ ಮಾತೂ ಸುಳ್ಳಾಗಲಿಲ್ಲ.

ಆಂಟೆನಾ ಬಿಚ್ಚಿದರೆ ಬುಡದ ಕೆಳಗೆ ಹೊಳೆಹೊಳೆಯೋ ಬಿಳಿ ಬಣ್ಣ! ಕೆರೆದು ಲೋಹ ಕಾಣಿಸಿ ಮತ್ತೆ ಕೂರಿಸಿ, ಸುತ್ತ ಸೀಲ್ ಮಾಡಿದೆವು. ಕೇಬಲ್ ತುದಿಯ ಬಿಎನ್‌ಸಿ ಕನೆಕ್ಟರ್ ಕೂಡ ಜಾಲರಿ ಬಿಟ್ಟುಕೊಂಡಿತ್ತು. ಈಗ 122.8ರಲ್ಲಿ ಮಾತಾಡಿದರೆ ಹದಿನೈದು ಮೈಲಿ ಆಚೆಯವರು ಚೆನ್ನಾಗಿ ಕೇಳ್ತಿದೆ ಅಂತಾರೆ.

ಸಣ್ಣ ಟಿಕ್ ಟಿಕ್ ಒಂದು ಉಳಿದಿದೆ, ಎಂಜಿನ್ ಜೊತೆ ವೇಗ ಬದಲಾಗುತ್ತೆ.

ನಿವೃತ್ತ ಎಎಂಇ, ವಿಮಾನಪುರ
ಬಹಳ ಸಂತೋಷ. ಟಿಕ್ ಟಿಕ್ ಇಗ್ನಿಷನ್‌ದು ಇರಬೇಕು. ಸ್ಪಾರ್ಕ್ ಪ್ಲಗ್ ಕ್ಯಾಪ್‌ಗಳು ಬಿಗಿಯಾಗಿ ಕೂತಿವೆಯೇ, ಒಳಗಿನ ರೆಸಿಸ್ಟರ್ ಅಳತೆ ಕೈಪಿಡಿಯ ಮಿತಿಯಲ್ಲಿದೆಯೇ ನೋಡಿ. ಇಗ್ನಿಷನ್ ಬಂದ್ ಮಾಡುವ ಸ್ವಿಚ್‌ನ ತಂತಿಗಳಿಗೆ ಕವಚ ಇದೆಯೇ ಎಂಬುದನ್ನೂ ನೋಡಿ. ಮಾಡಿದ್ದನ್ನೆಲ್ಲ ಲಾಗ್‌ಬುಕ್‌ನಲ್ಲಿ ಬರೆಯಿರಿ. ಮುಂದಿನ ವಾರ್ಷಿಕ ತಪಾಸಣೆಗೆ ಬರುವವರಿಗೆ ಅನುಕೂಲ.

ಹುಬ್ಬಳ್ಳಿ ಹಾರಾಟ
ನಾ ಹೇಳಿದ್ದ ಕೆಪ್ಯಾಸಿಟರ್ ಉಬ್ಬಿತ್ತು ನೋಡ್ರಿ! ಅಣ್ಣಾರ, ಇನ್ನೊಂದು ಕೇಳಬೇಕು. ಇಲ್ಲೊಬ್ರು ಹಳೇ ಮಿಲಿಟರಿ ಹೆಲಿಕಾಪ್ಟರ್ ಹೆಡ್‌ಸೆಟ್ ಅಗ್ಗಕ್ಕ ಕೊಡತೀನಿ ಅನ್ನಾಕತ್ತಾರ. ಒಂದ ಪ್ಲಗ್ ಐತಿ. ಅಡಾಪ್ಟರ್ ಹಾಕಿದ್ರ ನಮ್ಮ ವಿಮಾನದಾಗ ನಡೀತೈತೇನು?

ತಂತಿ ತಮ್ಮಯ್ಯ
ಅಡಾಪ್ಟರ್ ಹಾಕಿದರೆ ಪ್ಲಗ್ ಕೂರುತ್ತೆ, ದನಿ ಕೂರಲ್ಲ. ಮಿಲಿಟರಿಯದ್ದು ಬಹಳ ಸಲ ಲೋ ಇಂಪೆಡೆನ್ಸ್, ಅಂದರೆ ಕರೆಂಟಿಗೆ ಒಡ್ಡೋ ತಡೆ ಕಮ್ಮಿ. ಮೈಕ್ 5 ಓಮ್‌ನ ಡೈನಮಿಕ್ ಇರುತ್ತೆ. ನಮ್ಮ ರೇಡಿಯೊ ಮೈಕ್ ತಂತಿಯಲ್ಲೇ ಎಂಟು ವೋಲ್ಟ್ ಮೇಲೆ ಬಯಾಸ್ (ಮೈಕ್ ಓಡಿಸೋ ವೋಲ್ಟೇಜ್) ಕಳಿಸಿ, ಆಂಪ್ಲಿಫೈಯರ್ ಇರೋ ಮೈಕ್‌ನಿಂದ ಜೋರು ದನಿ ನಿರೀಕ್ಷಿಸುತ್ತೆ. ಮೈಕ್ ಕ್ಯಾಪ್ಸೂಲನ್ನೇ ಬದಲಾಯಿಸಬೇಕಾಗುತ್ತೆ, ಕಿವಿಯ ಸ್ಪೀಕರ್‌ಗಳನ್ನೂ. ಕೊಡೋರ ಹತ್ರ ಹೆಡ್‌ಸೆಟ್ ಮೇಲಿನ ಮಾಡೆಲ್ ನಂಬರ್ ಕೇಳಿ ಇಲ್ಲಿ ಹಾಕಿ, ಆಮೇಲೆ ದುಡ್ಡು ಕೊಡಿ.

ಹುಬ್ಬಳ್ಳಿ ಹಾರಾಟ
ಆತ್ರಿ. ಸಂಜಿಗೆ ಫೋಟೋ ಹಾಕತೀನಿ.